ಗೋಲಿನ ಲೆಕ್ಕಕ್ಕೆ ಸಿಗದವರು

ಆಗಸ್ಟ್ 29 ಹತ್ತಿರವಾದಂತೆ ಹಾಕಿಯ ಬಗ್ಗೆ ಎಂದೂ ಬರೆಯದವರೂ ಬರೆಯುತ್ತಾರೆ. ಧ್ಯಾನ್‌ಚಂದ್ ಹುಟ್ಟಿದ ದಿನ ಅದು, ರಾಷ್ಟ್ರೀಯ ಕ್ರೀಡಾ ದಿನ. ಬರುವ ಬರಹಗಳಲ್ಲಿ ಮಾತ್ರ ಅವೇ ಸಂಗತಿಗಳು: ಹಿಟ್ಲರ್ ತನ್ನ ಸೇನೆಗೆ ಕರೆದನಂತೆ, ಅಯಸ್ಕಾಂತ ಇದೆಯೇನೋ ಎಂದು ಸ್ಟಿಕ್ ಮುರಿದು ನೋಡಿದರಂತೆ, ವಿಯೆನ್ನಾದಲ್ಲಿ ನಾಲ್ಕು ಕೈಗಳ ವಿಗ್ರಹ ನಿಲ್ಲಿಸಿದ್ದಾರಂತೆ. ಈ ಮೂರಕ್ಕೂ ನಂಬುವಂಥ ದಾಖಲೆ ಸಿಕ್ಕಿಲ್ಲ. ಧ್ಯಾನ್‌ಚಂದರ ಆಟಕ್ಕೆ ಈ ಕಥೆಗಳ ಆಸರೆ ಬೇಕಾಗಿಯೂ ಇಲ್ಲ. ಆದರೆ ಕಥೆ ಮುಗಿದ ಕೂಡಲೇ "ಹಾಕಿಯ ಸಾರ್ವಕಾಲಿಕ ಶ್ರೇಷ್ಠ ಯಾರು" ಎಂಬ ಪ್ರಶ್ನೆಯೂ ಮುಗಿಯಿತು ಎಂದುಕೊಳ್ಳುತ್ತೇವೆ. ಈಚೆಗೆ ಇನ್ನೊಂದು ಬಗೆಯೂ ಶುರುವಾಗಿದೆ. ಗೋಲುಗಳ ಪಟ್ಟಿ ಮಾಡಿ, ಹೆಚ್ಚು ಹೊಡೆದವನನ್ನು ಮೇಲೆ ಕೂರಿಸಿ, ಇದೇ ವಿಜ್ಞಾನ ಎನ್ನುತ್ತಾರೆ. ಎರಡೂ ಒಂದೇ ತಪ್ಪು ಮಾಡುತ್ತವೆ. ಹನ್ನೊಂದು ಜನ ಆಡುವ ಆಟದಲ್ಲಿ ಕೊನೆಗೆ ಚೆಂಡು ಮುಟ್ಟಿದವನನ್ನಷ್ಟೇ ನೋಡುತ್ತವೆ.

ಈ ಚರ್ಚೆ ಬೆಳೆದು ಬಂದ ಬಗೆಯನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಾವ ಕಾಲದಲ್ಲಿ ಆಟದ ಸುದ್ದಿ ಜನರಿಗೆ ಯಾವ ದಾರಿಯಿಂದ ತಲುಪಿತೋ ಆ ದಾರಿಗೆ ಹೊಂದುವ ಆಟಗಾರನೇ ಆ ಕಾಲದ ಶ್ರೇಷ್ಠನಾದ.

ಮೊದಲ ಘಟ್ಟ ತಂತಿ ಸಂದೇಶದ್ದು. 1928ರ ಆಮ್‌ಸ್ಟರ್‌ಡ್ಯಾಮ್‌ನಿಂದ ಬಂದದ್ದು ಅಂಕೆಗಳು: ಭಾರತ 29 ಗೋಲು, ಎದುರಾಳಿಗಳದು ಸೊನ್ನೆ, ಧ್ಯಾನ್‌ಚಂದ್ 14. 1932ರ ಲಾಸ್ ಏಂಜಲೀಸ್‌ನಲ್ಲಿ ಇದ್ದದ್ದೇ ಮೂರು ತಂಡ. ಜಪಾನ್ ವಿರುದ್ಧ 11-1, ಅಮೆರಿಕ ವಿರುದ್ಧ 24-1. 1936ರ ಬರ್ಲಿನ್ ಅಂತಿಮ ಪಂದ್ಯದಲ್ಲಿ ಜರ್ಮನಿ ವಿರುದ್ಧ 8-1. ಆ ಪಂದ್ಯದಲ್ಲಿ ಧ್ಯಾನ್‌ಚಂದ್ ಹೊಡೆದದ್ದು ಮೂರು ಎಂದು ಕೆಲವು ಪುಸ್ತಕಗಳು ಹೇಳಿದರೆ ಆರು ಎಂದು ಬೇರೆಯವು ಹೇಳುತ್ತವೆ. ಎಣಿಕೆಯನ್ನೇ ನೆಚ್ಚಿದವರು ಇದಕ್ಕೆ ಏನೆನ್ನುತ್ತಾರೋ. 1932ರಲ್ಲಂತೂ ತಮ್ಮ ರೂಪ್ ಸಿಂಗ್ 13 ಹೊಡೆದರು, ಅಣ್ಣ 12. ಆಗಲೂ ರೂಪ್ ಸಿಂಗ್ ದೊಡ್ಡವರು ಎಂದು ಯಾರೂ ವಾದಿಸಲಿಲ್ಲ, ಏಕೆಂದರೆ ಮೈದಾನದಲ್ಲಿ ನಿಂತು ನೋಡಿದವರಿಗೆ ಗೋಲಿಗಿಂತ ಬೇರೆ ಏನೋ ಕಂಡಿತ್ತು. ಅದೇನೆಂದು ಅವರು ವಿವರವಾಗಿ ಬರೆದಿಡಲಿಲ್ಲ. 1928ರಲ್ಲಿ ಒಂದೂ ಗೋಲು ಬಿಡದ ಗೋಲ್‌ಕೀಪರ್ ರಿಚರ್ಡ್ ಅಲೆನ್ ಹೆಸರು ಇಂದು ಎಷ್ಟು ಜನರಿಗೆ ಗೊತ್ತು?

ಎರಡನೆಯ ಘಟ್ಟ ಸ್ವಾತಂತ್ರ್ಯದ ನಂತರದ್ದು. ಇಲ್ಲಿ ಬಲ್ಬೀರ್ ಸಿಂಗ್ ಸೀನಿಯರ್ ಬರುತ್ತಾರೆ. 1948, 1952, 1956ರಲ್ಲಿ ಮೂರು ಚಿನ್ನ. ಹೆಲ್ಸಿಂಕಿಯ ಅಂತಿಮ ಪಂದ್ಯದಲ್ಲಿ ನೆದರ್ಲೆಂಡ್ಸ್ ವಿರುದ್ಧ ಭಾರತ ಹೊಡೆದ ಆರರಲ್ಲಿ ಐದು ಅವರದೇ. ಆ ಒಲಿಂಪಿಕ್ಸ್‌ನಲ್ಲಿ ಭಾರತದ 13 ಗೋಲುಗಳಲ್ಲಿ 9. ಧ್ಯಾನ್‌ಚಂದ್‌ಗೆ ಸರಿಸಾಟಿ ಎನ್ನುವುದಕ್ಕೆ ಇಷ್ಟು ಸಾಕು. ನಿಜಕ್ಕೂ ಕಠಿಣ ಎದುರಾಳಿಗಳ ಕಾಲದಲ್ಲಿ ಆಡಿದವರು ಬಲ್ಬೀರ್. ಬ್ರಿಟನ್ ತಂಡ 1928ರಿಂದ 1936ರವರೆಗೆ ಒಲಿಂಪಿಕ್ ಹಾಕಿಗೆ ಬಂದೇ ಇರಲಿಲ್ಲ. 1948ರಲ್ಲಿ ಬಂತು, ಅಂತಿಮ ಪಂದ್ಯದಲ್ಲಿ 4-0ಯಿಂದ ಸೋತಿತು.

ಆದರೆ ಅದೇ ತಂಡಗಳಲ್ಲಿ ಇದ್ದ ಲೆಸ್ಲಿ ಕ್ಲಾಡಿಯಸ್ ಅವರನ್ನು ಚರ್ಚೆ ಬದಿಗೆ ಸರಿಸಿತು. ಮೂರು ಚಿನ್ನ, 1960ರಲ್ಲಿ ನಾಯಕನಾಗಿ ಬೆಳ್ಳಿ. ಆಡಿದ ಜಾಗ ಬಲ ಹಾಫ್. ಹಳೆಯ ಪದ್ಧತಿಯಲ್ಲಿ ಮುಂದೆ ಐವರು ಫಾರ್ವರ್ಡ್‌ಗಳು, ಹಿಂದೆ ಇಬ್ಬರು ಬ್ಯಾಕ್‌ಗಳು, ನಡುವೆ ಮೂವರು ಹಾಫ್‌ಗಳು. ಎದುರಾಳಿಯ ಐವರನ್ನು ಮೊದಲು ತಡೆಯಬೇಕಾದವರು ಈ ಮೂವರು. ಕಿತ್ತುಕೊಂಡ ಚೆಂಡನ್ನು ತಮ್ಮ ಐವರಿಗೆ ಸರಿಯಾದ ಗಳಿಗೆಯಲ್ಲಿ ಮುಟ್ಟಿಸಬೇಕಾದವರೂ ಇವರೇ. ಎಪ್ಪತ್ತು ನಿಮಿಷ ಹಿಂದೆ ಮುಂದೆ ಓಡಿ, ಹೆಸರು ಅಂಕಪಟ್ಟಿಗೆ ಸೇರದೆ ಮನೆಗೆ ಹೋಗುವ ಜಾಗ ಅದು. ಕ್ಲಾಡಿಯಸ್ ಸ್ಟಿಕ್ ಬೀಸುವುದಕ್ಕಿಂತ ಮೊದಲು ಕಾಲು ಇಡುವ ಜಾಗ ಆರಿಸುತ್ತಿದ್ದರು ಎಂದು ಹಿರಿಯರು ಹೇಳುತ್ತಿದ್ದರು. ಒಳ್ಳೆಯ ಹಾಫ್‌ನ ಲಕ್ಷಣ ಇದೇ ಎಂದು ನಾನೂ ನಂಬಿದ್ದೇನೆ.

ಇನ್ನೊಬ್ಬರು ಶಂಕರ್ ಲಕ್ಷ್ಮಣ್. 1956, 1960, 1964ರ ಮೂರೂ ಒಲಿಂಪಿಕ್ ಅಂತಿಮ ಪಂದ್ಯಗಳಲ್ಲಿ ಪಾಕಿಸ್ತಾನದ ಎದುರು ಗೋಲ್‌ಕೀಪರ್. ಆ ಮೂರು ಪಂದ್ಯಗಳಲ್ಲಿ ಬಿಟ್ಟದ್ದು ಒಂದೇ ಗೋಲು, ರೋಮ್‌ನಲ್ಲಿ ನಸೀರ್ ಬುಂದಾ ಹೊಡೆದದ್ದು. ಇಂದಿನ ಹಾಗೆ ಹೆಲ್ಮೆಟ್, ಮೈತುಂಬ ಪ್ಯಾಡು ಇಲ್ಲದ ಕಾಲ. 1966ರಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ನಾಯಕನಾಗಿ ಚಿನ್ನ ತಂದರು. 2006ರಲ್ಲಿ ಮಹೂನಲ್ಲಿ ಕಷ್ಟದಲ್ಲೇ ತೀರಿಕೊಂಡರು. ಶ್ರೇಷ್ಠರ ಪಟ್ಟಿ ಮಾಡುವವರು ಇವರನ್ನು "ಗೋಲ್‌ಕೀಪರ್‌ಗಳಲ್ಲಿ" ಎಂಬ ಷರತ್ತಿನೊಂದಿಗೆ ಮಾತ್ರ ಹೆಸರಿಸುತ್ತಾರೆ. ಫಾರ್ವರ್ಡ್‌ಗಳಿಗೆ ಆ ಷರತ್ತು ಹಾಕುವುದಿಲ್ಲ.

ನಮ್ಮ ತಲೆಮಾರು ಹಾಕಿಗೆ ಬಂದದ್ದು ರೇಡಿಯೊ ಮೂಲಕ. 1975ರ ಕ್ವಾಲಾಲಂಪುರ ವಿಶ್ವಕಪ್ ನಮಗೆ ಜಸ್‌ದೇವ್ ಸಿಂಗ್ ಅವರ ಧ್ವನಿ. ಸೆಮಿಫೈನಲ್‌ನಲ್ಲಿ ಮಲೇಷ್ಯಾ ವಿರುದ್ಧ ಅಸ್ಲಂ ಶೇರ್ ಖಾನ್ ಸಮ ಮಾಡಿದ್ದು, ಪಾಕಿಸ್ತಾನದ ವಿರುದ್ಧ ಅಶೋಕ್ ಕುಮಾರ್ ಹೊಡೆದ ಗೆಲುವಿನ ಗೋಲು, ಇವು ಕಿವಿಯಲ್ಲಿ ಉಳಿದವು. ರೇಡಿಯೊ ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡಿಲ್ಲದ ಕಡೆ ಸೆಂಟರ್ ಹಾಫ್ ಅಜಿತ್‌ಪಾಲ್ ಸಿಂಗ್ ಎಲ್ಲಿ ನಿಂತಿದ್ದರು, ಪಾಕಿಸ್ತಾನದ ದಾಳಿ ಮಧ್ಯದಿಂದ ಬದಿಗೆ ಏಕೆ ಹೊರಳಬೇಕಾಯಿತು ಎಂಬುದು ಕಿವಿಗೆ ಬೀಳಲಿಲ್ಲ. ನಾಯಕರೆಂದು ಅವರನ್ನು ಕೊಂಡಾಡಿದೆವು, ಆಟಗಾರರಾಗಿ ಅಳೆಯಲಿಲ್ಲ.

ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಅದಕ್ಕೂ ಮೊದಲು 1973ರಲ್ಲಿ ಆಮ್‌ಸ್ಟೆಲ್‌ವೀನ್ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡಕ್ಕೆ ಎಂ.ಪಿ. ಗಣೇಶ್ ನಾಯಕರು. ಇಬ್ಬರೂ 1972ರ ಮ್ಯೂನಿಕ್ ಕಂಚಿನ ತಂಡದವರು. ನೆದರ್ಲೆಂಡ್ಸ್ ಎದುರು ನಿಗದಿತ ಅವಧಿಯಲ್ಲಿ ಸೋಲದೆ, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಕಪ್ ಕಳೆದುಕೊಂಡ ತಂಡವನ್ನು ಮುನ್ನಡೆಸಿದ ಗಣೇಶ್ ಅವರ ಬಗ್ಗೆ ಕನ್ನಡದ ಪತ್ರಿಕೆಗಳೇ ಇನ್ನಷ್ಟು ಬರೆಯಬೇಕಿತ್ತು. ಒಂದು ಸ್ಟ್ರೋಕ್ ಅತ್ತಿತ್ತ ಆಗಿದ್ದರೆ ನಮ್ಮ ಶಾಲಾ ಪುಸ್ತಕದಲ್ಲಿ ಅವರ ಪಾಠ ಇರುತ್ತಿತ್ತು.

1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಮೊದಲ ಬಾರಿ ಕೃತಕ ಟರ್ಫ್ ಮೇಲೆ ನಡೆಯಿತು. ಭಾರತ ಏಳನೆಯದು. ಚೆಂಡು ಪುಟಿಯದೆ ಸರಾಗವಾಗಿ ಉರುಳುವ ಆ ನೆಲದಲ್ಲಿ ಹುಲ್ಲಿನ ಮೈದಾನದ ಕೈಚಳಕಕ್ಕಿಂತ ವೇಗಕ್ಕೂ ನೇರ ಪಾಸಿಗೂ ಬೆಲೆ ಬಂತು. ಟರ್ಫ್ ನಮ್ಮ ಹಾಕಿಯನ್ನು ಕೊಂದಿತು ಎಂಬ ಮಾತು ಆಗಿನಿಂದ ಚಾಲ್ತಿಯಲ್ಲಿದೆ. ಅರ್ಧ ನಿಜ. ಅದೇ ಟರ್ಫ್ ಮೇಲೆ ಪಾಕಿಸ್ತಾನದ ಸಮೀಉಲ್ಲಾ, ಹಸನ್ ಸರ್ದಾರ್, ಮುಂದೆ ಶಹಬಾಜ್ ಅಹ್ಮದ್ ಏಷ್ಯಾದ ಆಟವನ್ನೇ ಆಡಿ ಗೆದ್ದರು. ಮೈದಾನದ ಜೊತೆಗೆ ಆಡಳಿತವನ್ನೂ ತರಬೇತಿಯನ್ನೂ ಬದಲಿಸದೆ ಕುಳಿತದ್ದು ನಮ್ಮ ತಪ್ಪು.

1980ರ ಮಾಸ್ಕೋ ಚಿನ್ನ ಗೋಲಿನ ಲೆಕ್ಕಕ್ಕೆ ಒಳ್ಳೆಯ ಪರೀಕ್ಷೆ. ಬಹಿಷ್ಕಾರದಿಂದ ಆರೇ ತಂಡ. ಸುರಿಂದರ್ ಸಿಂಗ್ ಸೋಧಿ 15 ಗೋಲು ಹೊಡೆದರು, ಅಂದರೆ ಆಮ್‌ಸ್ಟರ್‌ಡ್ಯಾಮ್‌ನ ಧ್ಯಾನ್‌ಚಂದ್‌ಗಿಂತ ಒಂದು ಹೆಚ್ಚು. ಸೋಧಿ ಒಳ್ಳೆಯ ಆಟಗಾರರು. ಆದರೆ ಅವರೇ ಸಾರ್ವಕಾಲಿಕ ಶ್ರೇಷ್ಠ ಎಂದು ಹೇಳುವವರನ್ನು ನಾನು ಕಂಡಿಲ್ಲ. ಟಾಂಜಾನಿಯಾ ವಿರುದ್ಧ 18-0, ಕ್ಯೂಬಾ ವಿರುದ್ಧ 13-0 ಆದ ಕೂಟದಲ್ಲಿ ಅಂಕೆ ಏನು ಹೇಳೀತು ಎಂಬುದು ಎಲ್ಲರಿಗೂ ಗೊತ್ತು. 24-1ಕ್ಕೆ ಆ ವಿವೇಕವನ್ನು ಅನ್ವಯಿಸುವುದಿಲ್ಲ, ಅಷ್ಟೇ.

ಆ ತಂಡದಲ್ಲಿ ನಾನು ಕಣ್ಣಿಟ್ಟು ನೋಡಿದ್ದು ಇಬ್ಬರನ್ನು. ಒಬ್ಬರು ಮೊಹಮ್ಮದ್ ಶಾಹಿದ್. ಸ್ಪೇನ್ ವಿರುದ್ಧ 4-3ರ ಅಂತಿಮ ಪಂದ್ಯದಲ್ಲಿ ನಾಲ್ಕನೆಯ ಗೋಲು ಅವರದು. ಟರ್ಫ್ ಮೇಲೂ ಡ್ರಿಬಲ್ ಬದುಕುತ್ತದೆ ಎಂದು ತೋರಿಸಿಕೊಟ್ಟವರು. ಇನ್ನೊಬ್ಬರು ಕೊಡಗಿನ ಎಂ.ಎಂ. ಸೋಮಯ್ಯ. ಮಾಸ್ಕೋ, ಲಾಸ್ ಏಂಜಲೀಸ್, ನಾಯಕರಾಗಿ ಸೋಲ್. ಹಾಫ್ ಲೈನಿನಲ್ಲಿ ಅವರ ಆಟ ನೋಡಿದವರಿಗೆ ಒಂದು ವಿಷಯ ನೆನಪಿರುತ್ತದೆ: ಚೆಂಡು ಬಂದ ಮೇಲೆ ಅವರು ಯೋಚಿಸುತ್ತಿರಲಿಲ್ಲ, ಯೋಚನೆ ಮೊದಲೇ ಮುಗಿದಿರುತ್ತಿತ್ತು. ಎದುರಾಳಿ ವಿಂಗರ್‌ಗೆ ಬದಿಗೆರೆಯ ದಾರಿಯನ್ನಷ್ಟೇ ಬಿಟ್ಟು, ಅಲ್ಲಿಗೇ ಅಟ್ಟಿ, ಅಲ್ಲೇ ಚೆಂಡು ತೆಗೆದುಕೊಳ್ಳುತ್ತಿದ್ದರು. ಬಿದ್ದು ಏಳುವ ಅಬ್ಬರವಿಲ್ಲ. ಮರುಕ್ಷಣ ಚೆಂಡು ಶಾಹಿದ್ ಕಡೆಗೆ ಹೊರಟಿರುತ್ತಿತ್ತು.

ಸೋಮಯ್ಯ ಆಡಿದ್ದು ಭಾರತದ ಹಾಕಿ ಇಳಿಮುಖವಾಗಿದ್ದ ವರ್ಷಗಳಲ್ಲಿ. 1982ರ ದೆಹಲಿ ಏಷ್ಯಾಡ್ ಅಂತಿಮ ಪಂದ್ಯದಲ್ಲಿ 7-1ರ ಸೋಲು, 1984ರಲ್ಲಿ ಐದನೆಯ ಸ್ಥಾನ, 1986ರ ಲಂಡನ್ ವಿಶ್ವಕಪ್‌ನಲ್ಲಿ ಕೊನೆಯ ಸ್ಥಾನ, 1988ರಲ್ಲಿ ಆರನೆಯದು. ಪದಕ ನೋಡಿ ಅಳೆಯುವವರಿಗೆ ಇಂಥ ಆಟಗಾರ ಕಾಣುವುದೇ ಇಲ್ಲ. ಹಾಫ್‌ನ ನಿಜವಾದ ಪರೀಕ್ಷೆ ನಡೆಯುವುದು ತನ್ನ ತಂಡ ಒತ್ತಡದಲ್ಲಿ ಇರುವಾಗ. ಗೆಲ್ಲುವ ತಂಡದ ಹಾಫ್‌ಗೆ ಕೆಲಸ ಕಡಿಮೆ. ಅವರ ನಂತರ ಬಂದ ಬೆಂಗಳೂರಿನ ಜೂಡ್ ಫೆಲಿಕ್ಸ್ ಕೂಡ ನಡುಮೈದಾನದ ಬುದ್ಧಿವಂತ. ಕೊಡಗು ಮತ್ತು ಬೆಂಗಳೂರು ಸೇರಿ ನಡುಮೈದಾನದ ಒಂದು ಶಾಲೆಯನ್ನೇ ಕಟ್ಟಿವೆ ಎಂದು ನನ್ನ ವಾದ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಜಗತ್ತು ತಂಡಗಳ ಸಂಖ್ಯೆಗಾಗಿ ಮೆಚ್ಚುತ್ತದೆ. ಅಲ್ಲಿ ಅಜ್ಜ, ಮಗ, ಸೊಸೆ, ಮೊಮ್ಮಗಳು ಒಂದೇ ಒಕ್ಕದ ಪರವಾಗಿ ಆಡುತ್ತಾರೆ. ಎಲ್ಲರೂ ಫಾರ್ವರ್ಡ್ ಆಗಲು ಸಾಧ್ಯವಿಲ್ಲ ಎಂಬುದನ್ನು ಮಕ್ಕಳು ಮನೆಯವರಿಂದಲೇ ಕಲಿಯುತ್ತಾರೆ.

ಮುಂದಿನದು ಅಂಕಿಅಂಶದ ಘಟ್ಟ. ನೆದರ್ಲೆಂಡ್ಸ್‌ನ ಪಾಲ್ ಲಿಟ್ಯೆನ್ಸ್ 177 ಪಂದ್ಯಗಳಲ್ಲಿ 268 ಗೋಲು. ಆ ದಾಖಲೆಯನ್ನು 2004ರಲ್ಲಿ ಮುರಿದ ಪಾಕಿಸ್ತಾನದ ಸೊಹೈಲ್ ಅಬ್ಬಾಸ್ 348ಕ್ಕೆ ನಿಂತರು. ಇಬ್ಬರೂ ಮುಖ್ಯವಾಗಿ ಪೆನಾಲ್ಟಿ ಕಾರ್ನರ್ ನಿಪುಣರು. ಡ್ರ್ಯಾಗ್ ಫ್ಲಿಕ್ ದೊಡ್ಡ ವಿದ್ಯೆ, ಸಂದೇಹವಿಲ್ಲ. ಆದರೆ ಆ ಕಾರ್ನರ್ ಗಿಟ್ಟಿಸಲು ವೃತ್ತದೊಳಗೆ ನುಗ್ಗಿದವರ ಲೆಕ್ಕ ಎಲ್ಲಿದೆ? ಆಫ್‌ಸೈಡ್ ಹೋಯಿತು, ಸ್ಟಿಕ್ ಮರದಿಂದ ಫೈಬರ್‌ಗೆ ಬಂತು, ಎಷ್ಟು ಬಾರಿಯಾದರೂ ಆಟಗಾರರನ್ನು ಬದಲಿಸುವ ಅವಕಾಶ ಬಂತು. ಇಷ್ಟೆಲ್ಲ ಬದಲಾದ ಮೇಲೆ 1936ರ ಗೋಲನ್ನೂ 2006ರ ಗೋಲನ್ನೂ ಒಂದೇ ಕಂಬಸಾಲಿನಲ್ಲಿ ಬರೆಯುವುದು ಅಡಿಕೆಯನ್ನೂ ತೆಂಗಿನಕಾಯಿಯನ್ನೂ ಒಂದೇ ಎಣಿಕೆಗೆ ಹಾಕಿದಂತೆ. ಅಂತರರಾಷ್ಟ್ರೀಯ ಫೆಡರೇಶನ್ನಿನ ವರ್ಷದ ಆಟಗಾರ ಪ್ರಶಸ್ತಿ 1998ರಲ್ಲಿ ಶುರುವಾದಾಗ ಸ್ವಲ್ಪ ಸಮತೋಲ ಬಂದೀತೆಂದು ಆಶಿಸಿದೆವು. ಆಸ್ಟ್ರೇಲಿಯಾದ ಜೇಮಿ ಡ್ವಯರ್ ಐದು ಬಾರಿ, ನೆದರ್ಲೆಂಡ್ಸ್‌ನ ಟ್ಯೂನ್ ಡಿ ನೋಯರ್ ಮೂರು ಬಾರಿ ಗೆದ್ದರು. ಬೆಲ್ಜಿಯಂನ ರಕ್ಷಣಾ ಆಟಗಾರ ಆರ್ತರ್ ವಾನ್ ಡೋರೆನ್ 2017, 2018ರಲ್ಲಿ ಗೆದ್ದಾಗ, 2019ರಲ್ಲಿ ನಮ್ಮ ಮನ್‌ಪ್ರೀತ್ ಸಿಂಗ್ ಎಂಬ ನಡುಮೈದಾನದವರಿಗೆ ಸಿಕ್ಕಾಗ ನನಗೆ ಬಹಳ ಸಂತೋಷವಾಯಿತು.

ಪ್ರಶಸ್ತಿಯೇ ಅಳತೆಗೋಲಾದರೆ ಚರ್ಚೆ ಎಂದೋ ಮುಗಿಯಬೇಕಿತ್ತು. ಅರ್ಜೆಂಟೀನಾದ ಲುಸಿಯಾನಾ ಆಯ್ಮಾರ್ ಅದನ್ನು ಎಂಟು ಬಾರಿ ಗೆದ್ದಿದ್ದಾರೆ. ನಾಲ್ಕು ಒಲಿಂಪಿಕ್ ಪದಕ, ಎರಡು ವಿಶ್ವಕಪ್, ಅದರಲ್ಲಿ 2010ರದು ಹುಟ್ಟೂರು ರೊಸಾರಿಯೋದಲ್ಲೇ. ಆದರೂ "ಸಾರ್ವಕಾಲಿಕ ಶ್ರೇಷ್ಠ" ಎನ್ನುವಾಗ ನಮ್ಮ ನಾಲಿಗೆಗೆ ಗಂಡಸರ ಹೆಸರೇ ಬರುತ್ತದೆ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಹಾಕಿ ಸೇರಿದ್ದು 1980ರಲ್ಲಿ. ಅದಕ್ಕೆ ಮುನ್ನ ಆಡಿದವರಿಗೆ ಪದಕದ ದಾರಿಯೇ ಇರಲಿಲ್ಲ. ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ 1960ರ ದಶಕದಲ್ಲಿ ಮೈಸೂರು ರಾಜ್ಯದ ತಂಡವನ್ನು ಸಾಲಾಗಿ ಏಳು ರಾಷ್ಟ್ರೀಯ ಪ್ರಶಸ್ತಿಗಳಿಗೆ ಮುನ್ನಡೆಸಿದರು. ಅಕ್ಕತಂಗಿಯರಾದ ಮೂವರು ಬ್ರಿಟ್ಟೊಗಳು ಒಂದೇ ತಂಡದಲ್ಲಿ ಆಡಿದರು. 1965ರಲ್ಲಿ ಎಲ್ವೆರಾಗೆ ಅರ್ಜುನ ಪ್ರಶಸ್ತಿ ಬಂತು. 2022ರಲ್ಲಿ ಅವರು ತೀರಿಕೊಂಡಾಗ ಬಂದದ್ದು ಸಣ್ಣ ಸುದ್ದಿಗಳು. ಅವರ ಆಟ ಹೇಗಿತ್ತು, ಯಾವ ಜಾಗದಲ್ಲಿ ಚೆಂಡು ಹಿಡಿಯುತ್ತಿದ್ದರು, ಯಾರನ್ನು ಹೇಗೆ ತಡೆಯುತ್ತಿದ್ದರು ಎಂದು ಹೇಳುವ ಒಂದು ಪೂರ್ಣ ಬರಹ ಕನ್ನಡದಲ್ಲಿ ಬರಬೇಕಿತ್ತು.

ಗೋಲ್‌ಕೀಪರ್‌ಗಳ ಮಟ್ಟಿಗೆ ಕಾಲ ತುಸು ಬದಲಾಗಿದೆ. ಲಕ್ಷ್ಮಣ್ ತಂದ 1966ರ ಏಷ್ಯನ್ ಚಿನ್ನದ ನಂತರ ಮುಂದಿನ ಚಿನ್ನಕ್ಕೆ 32 ವರ್ಷ ಕಾಯಬೇಕಾಯಿತು. 1998ರಲ್ಲಿ ಅದೇ ಬ್ಯಾಂಕಾಕ್‌ನಲ್ಲಿ ಕೊರಿಯಾ ವಿರುದ್ಧ ಸ್ಟ್ರೋಕ್‌ಗಳನ್ನು ತಡೆದು ಅದನ್ನು ತಂದವರು ನಮ್ಮ ಆಶೀಶ್ ಬಲ್ಲಾಳ್. ಟೋಕಿಯೊದಲ್ಲಿ ಜರ್ಮನಿಯ ಕೊನೆಯ ಕ್ಷಣದ ಪೆನಾಲ್ಟಿ ಕಾರ್ನರ್ ತಡೆದ, ಪ್ಯಾರಿಸ್‌ನಲ್ಲಿ ಹತ್ತೇ ಜನರಿದ್ದ ತಂಡವನ್ನು ಬ್ರಿಟನ್ ಎದುರು ಕಾಪಾಡಿದ ಪಿ.ಆರ್. ಶ್ರೀಜೇಶ್ ಅವರನ್ನು ಟಿವಿ ಇಡೀ ದೇಶಕ್ಕೆ ತೋರಿಸಿತು. ಕ್ಯಾಮೆರಾ ಗೋಲ್‌ಕೀಪರ್‌ನ ಮುಖಕ್ಕೆ ಹತ್ತಿರ ಹೋಗುತ್ತದೆ. ಹಾಫ್‌ನ ಓಟವನ್ನು ಹಿಡಿಯಲು ಅದು ಇನ್ನೂ ಕಲಿತಿಲ್ಲ.

ನನ್ನನ್ನು ಕೇಳಿದರೆ ಫಾರ್ವರ್ಡ್‌ಗಳಲ್ಲಿ ಧ್ಯಾನ್‌ಚಂದ್, ಗೋಲಿನಲ್ಲಿ ಲಕ್ಷ್ಮಣ್, ಇಂದಿನ ಆಟಕ್ಕೆ ಆಯ್ಮಾರ್. ಒಬ್ಬರನ್ನೇ ಹೇಳಬೇಕಾದರೆ ಕ್ಲಾಡಿಯಸ್. 1952, 1956, 1960ರ ಮೂರು ಒಲಿಂಪಿಕ್ ಅಂತಿಮ ಪಂದ್ಯಗಳಲ್ಲಿ ಅವರ ಹಾಫ್ ಲೈನ್ ದಾಟಿ ಎದುರಾಳಿ ಹೊಡೆದದ್ದು ಒಟ್ಟು ಎರಡು ಗೋಲು. ಅವರ ಸುತ್ತ ಫಾರ್ವರ್ಡ್‌ಗಳು ಬದಲಾದರು, ಬ್ಯಾಕ್‌ಗಳು ಬದಲಾದರು. ಇದನ್ನು ಒಪ್ಪದವರು ಎದುರು ವಾದ ಮಾಡಲಿ. ಆದರೆ ಗೋಲಿನ ಪಟ್ಟಿ ಹಿಡಿದು ಬರಬೇಡಿ. ಚಿತ್ರಣ ಉಳಿದಿರುವ ಹಳೆಯ ಪಂದ್ಯಗಳನ್ನು ಹಾಕಿಕೊಂಡು ಚೆಂಡನ್ನು ಬಿಟ್ಟು ಹಾಫ್‌ಗಳನ್ನು ನೋಡಿ, ಎಷ್ಟು ಬಾರಿ ಚೆಂಡು ಕಿತ್ತರು, ಎಲ್ಲಿಗೆ ಕೊಟ್ಟರು ಎಂದು ಬರೆದುಕೊಂಡು ಬನ್ನಿ. ಗಣೇಶ್, ಗೋವಿಂದ, ಸೋಮಯ್ಯ ಅವರೊಂದಿಗೆ ಆಡಿದವರ ಮನೆಗಳಿಗೆ ಹೋಗಿ ಯಾರು ಎಲ್ಲಿ ನಿಲ್ಲುತ್ತಿದ್ದರು ಎಂದು ಕೇಳಿ ಬರೆದಿಡುವ ಕೆಲಸ ಈ ವರ್ಷವೇ ಶುರುವಾಗಬೇಕು.