ಅಳದ ಕೂಸು, ಬೆಳೆಯದ ಹುಡುಗಿ

ಅಳದೆ, ಕಾಡದೆ ಮಲಗುವ ಹಸುಗೂಸನ್ನು ಗದಗ ಸೀಮೆಯಲ್ಲಿ ‘ಭಾಳ ಶಾಣ್ಯಾ ಕೂಸು’ ಎಂದು ಹೊಗಳುವುದುಂಟು. ಬಹಳ ಸಲ ಆ ಮಾತು ನಿಜವೇ. ಆದರೆ ಕೂಸು ಹಾಲು ಕುಡಿಯಲೂ ಏಳದಿದ್ದರೆ, ಮಲಬದ್ಧತೆಯಿದ್ದರೆ, ಎರಡು ವಾರ ದಾಟಿದರೂ ಕಾಮಾಲೆ ಇಳಿಯದಿದ್ದರೆ, ನಾಲಿಗೆ ಹೊರಚಾಚಿ ಹೊಕ್ಕುಳು ಉಬ್ಬಿದ್ದರೆ, ಆ ಮೌನಕ್ಕೆ ಥೈರಾಯ್ಡ್ ಗ್ರಂಥಿಯ ಕೊರತೆ ಕಾರಣವಾಗಿರಬಹುದು. ಮಕ್ಕಳ ನಿರ್ನಾಳ ಗ್ರಂಥಿಗಳ ಕಾಯಿಲೆಗಳ ಚರಿತ್ರೆಯನ್ನು ಓದುವಾಗ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ಕಣ್ಣೆದುರಿಗಿದ್ದ ಲಕ್ಷಣವನ್ನು ಯಾರು, ಯಾವಾಗ ಗುರುತಿಸಿದರು?

ಮಗುವಿನ ಮೈಯನ್ನು ಓದುವ ಪ್ರಯತ್ನ ನಮ್ಮಲ್ಲಿ ಹಳೆಯದು. ಸುಶ್ರುತ ಸಂಹಿತೆ ಒಂಬತ್ತು ಬಾಲಗ್ರಹಗಳನ್ನು ಹೆಸರಿಸಿ ಒಂದೊಂದರ ಲಕ್ಷಣವನ್ನೂ ಹೇಳುತ್ತದೆ. ಕುತ್ತಿಗೆಯ ಬಾವನ್ನು ‘ಗಲಗಂಡ’ ಎಂದು ಕರೆಯುತ್ತದೆ. ಕನ್ನಡದಲ್ಲಿ 1200ರ ಸುಮಾರಿಗೆ ದೇವೇಂದ್ರಮುನಿ ‘ಬಾಲಗ್ರಹಚಿಕಿತ್ಸೆ’ ಬರೆದ. ಕಾರಣವನ್ನು ಗ್ರಹಕ್ಕೆ ಕಟ್ಟಿದರೂ ಆ ಪರಂಪರೆಯ ವೈದ್ಯರು ಮಗುವಿನ ಅಳು, ನಿದ್ದೆ, ಹಾಲು ಬಿಡುವುದನ್ನು ಗಮನವಿಟ್ಟು ನೋಡಿದ್ದರು.

ಕಾರಣ ತಿಳಿಯಲು ಬಹಳ ಕಾಲ ಬೇಕಾಯಿತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರದಿಂದ ರೋಗಿಯೊಬ್ಬಳನ್ನು ಗುಣಪಡಿಸಿದ. ‘ಹಾರ್ಮೋನ್’ ಎಂಬ ಪದವನ್ನು ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ; ಬಾಸೆಲ್ ಮಿಷನ್ನಿನವರು ಬೆಟಗೇರಿಯಲ್ಲಿ ಆಸ್ಪತ್ರೆ ನಡೆಸತೊಡಗಿದ್ದೂ ಹೆಚ್ಚುಕಡಿಮೆ ಅದೇ ಕಾಲ. 1914ರಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಬೇರ್ಪಡಿಸಿದ.

ಔಷಧಿ ಸಿಕ್ಕಮೇಲೂ ಮಕ್ಕಳು ಬುದ್ಧಿಮಾಂದ್ಯರಾಗಿಯೇ ಬೆಳೆದರು. ಈ ಕೊರತೆಯಿರುವ ಬಹುಪಾಲು ಶಿಶುಗಳು ಹುಟ್ಟಿದಾಗ ಆರೋಗ್ಯವಾಗಿಯೇ ಕಾಣುತ್ತವೆ. ಲಕ್ಷಣ ಎದ್ದು ಕಾಣುವ ಹೊತ್ತಿಗೆ ಮಿದುಳಿಗೆ ಪೆಟ್ಟು ಬಿದ್ದಿರುತ್ತದೆ. 1970ರ ದಶಕದಲ್ಲಿ ಕೆನಡಾದ ಜಾನ್ ದುಸ್ಸೋ ನವಜಾತ ಶಿಶುವಿನ ಹಿಮ್ಮಡಿಯ ಒಂದೆರಡು ಹನಿ ರಕ್ತದಲ್ಲೇ ಇದನ್ನು ಪತ್ತೆಹಚ್ಚುವ ದಾರಿ ತೋರಿಸಿದ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಎಲ್ಲರಂತೆ ಓದಿ ಬೆಳೆಯುತ್ತದೆ. ನಮ್ಮ ದೇಶದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ತೊಂದರೆಗಳ ಪಟ್ಟಿಯಲ್ಲಿ ಇದೂ ಸೇರಿದೆ.

ಸಕ್ಕರೆ ಕಾಯಿಲೆಯ ಕಥೆ ಇನ್ನೂ ಅವಸರದ್ದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರೂ ಕಂಡಿದ್ದರು. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಇನ್ಸುಲಿನ್ ಪಡೆದು ಬದುಕಿದ. ಅದಕ್ಕೂ ಮುಂಚೆ ಟೈಪ್ 1 ಮಧುಮೇಹದ ಮಕ್ಕಳಿಗೆ ಉಳಿಗಾಲವಿರಲಿಲ್ಲ. ಇವತ್ತು ಇನ್ಸುಲಿನ್ ಇದೆ, ಅಪಾಯವಿರುವುದು ಗುರುತಿಸುವುದರಲ್ಲಿ. ಮುಂಡರಗಿಯ ಬಿಸಿಲಲ್ಲಿ ಹುಡುಗ ಪದೇ ಪದೇ ನೀರು ಕುಡಿದರೆ ‘ಬ್ಯಾಸಗಿ’ ಅನ್ನುತ್ತೇವೆ, ತೂಕ ಇಳಿದರೆ ‘ಜಂತು’ ಅನ್ನುತ್ತೇವೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಚಾಳಿ ಮರಳಿದರೆ ಬೈಯುತ್ತೇವೆ. ಈ ಮೂರೂ ಕೂಡಿದರೆ ಅವತ್ತೇ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನೋಡಬೇಕು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಆಸ್ಪತ್ರೆಗೆ ಓಡಬೇಕು.

ಮೂರನೆಯದು ನಿಧಾನದ ಕಾಯಿಲೆಗಳು. ಫ್ರಾನ್ಸಿನ ಮೊಂಬೆಯಾರ್ 1759ರಿಂದ 1777ರವರೆಗೆ ತನ್ನ ಮಗನ ಎತ್ತರವನ್ನು ಅಳೆದು ಬರೆದಿಟ್ಟ. ಬೆಳವಣಿಗೆಯ ನಕ್ಷೆಗಳ ಚರಿತ್ರೆ ಆ ಲೆಕ್ಕದಿಂದಲೇ ಶುರುವಾಗುತ್ತದೆ. ಶಾಲೆಯ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5-6 ಸೆಂ.ಮೀ. ಬೆಳೆಯುತ್ತದೆ, 4ಕ್ಕಿಂತ ಕಡಿಮೆಯಾದರೆ ಥೈರಾಯ್ಡ್, ಬೆಳವಣಿಗೆಯ ಹಾರ್ಮೋನ್, ಹುಡುಗಿಯಾದರೆ ಟರ್ನರ್ ಸಿಂಡ್ರೋಮ್, ಇವನ್ನೆಲ್ಲ ಪರೀಕ್ಷಿಸಬೇಕು. ಹುಡುಗಿಗೆ 8ರೊಳಗೆ, ಹುಡುಗನಿಗೆ 9ರೊಳಗೆ ಪ್ರಾಯದ ಗುರುತು ಕಂಡರೂ, 13-14 ದಾಟಿದರೂ ಕಾಣದಿದ್ದರೂ ವೈದ್ಯರ ಬಳಿ ಹೋಗಬೇಕು. ‘ಅವರಪ್ಪನೂ ಗಿಡ್ಡ’ ಎನ್ನುವ ಮಾತು ನಿಜವಿರಬಹುದು, ಆದರೆ ಅಳತೆಪಟ್ಟಿಯಿಲ್ಲದೆ ಅದನ್ನು ನಂಬುವಂತಿಲ್ಲ. ಎತ್ತರ ಬೆಳೆಯದ, ಮೈನೆರೆಯದ ಹುಡುಗಿಯ ವಿಷಯದಲ್ಲಂತೂ ಮನೆಯವರು ಮದುವೆಯ ಮಾತು ಬರುವತನಕ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಎಲುಬು ಕೂಡಿಕೊಂಡು ಚಿಕಿತ್ಸೆಯ ಕಾಲ ಮುಗಿದಿರುತ್ತದೆ.

ಮುಂಡರಗಿ ಭಾಗದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದನ್ನು ಮಕ್ಕಳ ಹಲ್ಲಿನ ಕಲೆ ನೋಡಿಯೇ ಜನ ಗುರುತಿಸುತ್ತಾರೆ. ಮೈಯ ಗುರುತು ಓದುವುದು ಈ ನೆಲಕ್ಕೆ ಹೊಸತಲ್ಲ. 2015ರಿಂದ ಗದಗಿನಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಲ್ಲಿಗೆ ಮಗುವನ್ನು ಸಕಾಲಕ್ಕೆ ಕಳಿಸಬೇಕಾದವರು ಲಕ್ಷ್ಮೇಶ್ವರದ ಅಂಗನವಾಡಿಯ ಅಕ್ಕ, ಶಿರಹಟ್ಟಿಯ ಶಾಲೆಯ ಮಾಸ್ತರು, ಮನೆಯ ಅಜ್ಜಿ. ಅವರಿಗೆ ಬೇಕಾದದ್ದು ಒಂದು ಅಳತೆಪಟ್ಟಿ, ತಾರೀಖು ಬರೆದಿಡುವ ಒಂದು ಪುಸ್ತಕ, ಮತ್ತು ‘ಶಾಣ್ಯಾ ಕೂಸು’ ಅಂದಮೇಲೂ ಇನ್ನೊಮ್ಮೆ ತಿರುಗಿ ನೋಡುವ ರೂಢಿ.