ಅವಿಶೇಷಕರ್ಮದಿಂದ ಹೋಮೋಟೋಪಿಯವರೆಗೆ: ಲೆಕ್ಕವನ್ನು ಎಲ್ಲಿಂದ ಶುರುಮಾಡಬೇಕು?

ತುಳುನಾಡಿನಿಂದ ತೆಂಕಕ್ಕೆ ಹೋಗಿ ಕೇರಳದ ದೇವಸ್ಥಾನಗಳಲ್ಲಿ ಪೂಜೆಗೆ ನಿಂತ ಬ್ರಾಹ್ಮಣರನ್ನು ಅಲ್ಲಿನವರು ಎಂಬ್ರಾಂತಿರಿಗಳೆಂದು ಕರೆದರು. 14ನೆಯ ಶತಮಾನದ ಗಣಿತಜ್ಞ, ಸಂಗಮಗ್ರಾಮದ ಮಾಧವ ಈ ಪಂಗಡದವನೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಷ್ಟರಿಂದಲೇ ಅವನನ್ನು ಕಾಸರಗೋಡಿನವನೆಂದು ಹೇಳಿಕೊಂಡರೆ ಅದು ಊರಭಿಮಾನವಾದೀತು, ಚರಿತ್ರೆಯಾಗದು. ಇಲ್ಲಿ ಮುಖ್ಯವಾದದ್ದು ಅವನ ಒಂದು ಲೆಕ್ಕ.

ಸೂರ್ಯನ ದೂರವನ್ನು ಸೂಚಿಸುವ ರೇಖೆಗೆ ಮಂದಕರ್ಣವೆಂದು ಹೆಸರು. ಅದನ್ನು ತಿಳಿಯಲು, ಸೂರ್ಯ ಸುತ್ತುವ ಕಿರುವೃತ್ತವಾದ ಮಂದವೃತ್ತದ ತ್ರಿಜ್ಯ ಬೇಕು; ಆ ತ್ರಿಜ್ಯವೋ ಕರ್ಣಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವಂಥದ್ದು. ಕೇರಳದ ಗಣಿತಜ್ಞರು ಸೂರ್ಯನಿಗೆ ಇಟ್ಟುಕೊಂಡ ಅನುಪಾತ 80ಕ್ಕೆ 3: ದೊಡ್ಡ ವೃತ್ತದ ತ್ರಿಜ್ಯ 80 ಆದರೆ ಮಂದವೃತ್ತದ್ದು 3. ಸೂರ್ಯ ಅತಿ ದೂರದ ಬಿಂದುವಾದ ಮಂದೋಚ್ಚದಲ್ಲಿದ್ದಾಗ ಮೊದಲ ಸಲ ಕರ್ಣ 80 + 3 = 83. ಹಾಗಾದರೆ ಅದೇ ಅನುಪಾತದಲ್ಲಿ ಮಂದವೃತ್ತದ ತ್ರಿಜ್ಯ 3.1125, ಕರ್ಣ 83.1125. ಇನ್ನೊಂದು ಸುತ್ತಿಗೆ 83.1167. ಅಂಕಿ ಕದಲದೆ ನಿಲ್ಲುವ ತನಕ ಹೀಗೆ ಮಾಡುವುದೇ ಅವಿಶೇಷಕರ್ಮ. ನೀಲಕಂಠ ಸೋಮಯಾಜಿ 1500ರ ‘ತಂತ್ರಸಂಗ್ರಹ’ದಲ್ಲಿ ಕೊಟ್ಟಿರುವ ಮಾಧವನ ಸೂತ್ರ ಈ ಸುತ್ತಾಟವನ್ನೇ ತಪ್ಪಿಸುತ್ತದೆ. ಮೇಲಿನ ಲೆಕ್ಕದಲ್ಲಿ 80ರ ವರ್ಗವನ್ನು 80 − 3, ಅಂದರೆ 77ರಿಂದ ಭಾಗಿಸಿದರಾಯಿತು: 83.1169.

ಈ ಅವಿಶೇಷಕರ್ಮವನ್ನು ಹೋಮೋಟೋಪಿಯ, ಅಂದರೆ ಸುಲಭದ ಸಮೀಕರಣವನ್ನು ಮೆಲ್ಲಮೆಲ್ಲನೆ ಕಷ್ಟದ್ದಾಗಿ ಬದಲಿಸುತ್ತ ಉತ್ತರ ಹುಡುಕುವ ವಿಧಾನದ, ಮೂಲವೆಂದು ಸಾರುವವರು ಹುಟ್ಟಿಕೊಂಡರೆ ಆಶ್ಚರ್ಯವಿಲ್ಲ, ನಾನಂತೂ ಒಪ್ಪುವುದಿಲ್ಲ. ಇಲ್ಲಿ ಪ್ರತಿ ಸುತ್ತಿಗೂ ತಪ್ಪು ಸುಮಾರು 27ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೊನ್ನೆಯಿಂದ ಹೊರಟರೂ 80, 83 ಎಂದು ಅದೇ ಉತ್ತರಕ್ಕೆ ಬಂದು ಸೇರುತ್ತೇವೆ. ಆರಂಭ ಎಲ್ಲಿ ಎಂಬ ಚಿಂತೆಯೇ ಇಲ್ಲದ ಲೆಕ್ಕವಿದು. ಹೋಮೋಟೋಪಿ ಹುಟ್ಟಿದ್ದು ಆ ಚಿಂತೆಯಿಂದ.

ಉದಾಹರಣೆಗೆ, ಕ್ಷ⁴ − 8ಕ್ಷ² + ಕ್ಷ ಎಂಬ ಬಹುಪದೋಕ್ತಿಯ ಕನಿಷ್ಠ ಬೆಲೆ ಬೇಕೆನ್ನಿ. 2ರಿಂದ ಹೊರಟು ಇಳಿಯುತ್ತ ಹೋದರೆ 1.97ರ ಹತ್ತಿರ ನಿಲ್ಲುತ್ತೇವೆ. ಬೆಲೆ ಸುಮಾರು −14. ನಿಜವಾದ ಕನಿಷ್ಠ ಇರುವುದು −2.03ರ ಬಳಿ, ಸುಮಾರು −18. ನಡುವೆ ಗುಡ್ಡ ಅಡ್ಡವಿರುವುದರಿಂದ ಇಳಿಯುವವನಿಗೆ ಆಚೆಯ ಕಣಿವೆ ಕಾಣದು.

ಹೋಮೋಟೋಪಿಯವರು ಇಳಿಯುವುದಿಲ್ಲ. ಇಳಿಜಾರು ಸೊನ್ನೆಯಾಗುವ 4ಕ್ಷ³ − 16ಕ್ಷ + 1 = 0 ಎಂಬ ಸಮೀಕರಣವನ್ನು ಬದಿಗಿಟ್ಟು, ಉತ್ತರ ಗೊತ್ತಿರುವ ಕ್ಷ³ = 1ರಿಂದ ಹೊರಡುತ್ತಾರೆ. ಸುಲಭದ್ದನ್ನು ಕಷ್ಟದ್ದಾಗಿ ಸ್ವಲ್ಪಸ್ವಲ್ಪವೇ ಮಾರ್ಪಡಿಸುತ್ತ, ಮೂರೂ ಮೂಲಗಳು ಸರಿಯುವ ದಾರಿಯನ್ನು ಹಿಂಬಾಲಿಸುತ್ತಾರೆ. ದಾರಿಗಳು ಒಂದಕ್ಕೊಂದು ಡಿಕ್ಕಿಯಾಗದಿರಲೆಂದು ಆರಂಭದ ಸಮೀಕರಣವನ್ನು ಯಾದೃಚ್ಛಿಕವಾದ ಒಂದು ಸಂಕೀರ್ಣ ಸಂಖ್ಯೆಯಿಂದ ಗುಣಿಸಿಕೊಳ್ಳುವುದುಂಟು. ಕೊನೆಗೆ ಮೂರು ಬಿಂದುಗಳೂ ಕೈಗೆ ಬರುತ್ತವೆ. ಬೆಲೆ ಹೋಲಿಸಿದರೆ ಮುಗಿಯಿತು.

ಈ ಉಪಾಯವನ್ನು ಗಣಿತಜ್ಞ ಲಹೇ 1934ರಲ್ಲಿ ಸಂಖ್ಯಾತ್ಮಕ ಲೆಕ್ಕಕ್ಕೆ ಬಳಸಿದ. ಸೋವಿಯತ್ ಒಕ್ಕೂಟದ ಡೇವಿಡೆಂಕೊ 1953ರಲ್ಲಿ ದಾರಿಯನ್ನೇ ಅವಕಲ ಸಮೀಕರಣವಾಗಿ ಬರೆದ. ದಾರಿ ನಡುವೆ ಕೆಡದೆಂಬ ಭರವಸೆಗೆ ಗಟ್ಟಿ ಆಧಾರ ಸಿಕ್ಕಿದ್ದು 1978ರಲ್ಲಿ, ಚೌ, ಮ್ಯಾಲೆ-ಪ್ಯಾರೆ ಮತ್ತು ಯಾರ್ಕ್ ಅವರ ಪ್ರಮೇಯದಿಂದ: ಆರಂಭವನ್ನು ಯಾದೃಚ್ಛಿಕವಾಗಿ ಆರಿಸಿಕೊಂಡರೆ ದಾರಿ ಕೆಡುವ ಸಂಭವನೀಯತೆ ಸೊನ್ನೆ. ವಾಟ್ಸನ್ ಮತ್ತು ಸಂಗಡಿಗರ ಹೋಂಪ್ಯಾಕ್ ತಂತ್ರಾಂಶ 1987ರಲ್ಲಿ ಬಂತು, ವರ್ಶೆಲ್ಡೆಯ ಪಿಎಚ್‌ಸಿಪ್ಯಾಕ್ 1999ರಲ್ಲಿ.

ಎಲ್ಲ ಬಿಂದುಗಳೂ ಸಿಗುತ್ತವೆಂಬ ಖಾತರಿ ಮಾತ್ರ ಬಹುಪದೋಕ್ತಿಗಳಿಗಷ್ಟೇ ಸೀಮಿತ, ಅದೂ ಬಿಂದುಗಳು ಬಿಡಿಬಿಡಿಯಾಗಿದ್ದರೆ. ಉಳಿದೆಡೆ ಹೋಮೋಟೋಪಿ ಒಂದು ಉತ್ತರಕ್ಕೆ ಕರೆದೊಯ್ದೀತು, ಅದೇ ಅತ್ಯುತ್ತಮವೆಂದು ಹೇಳಲಾರದು. ಖರ್ಚೂ ಕಡಿಮೆಯಲ್ಲ: ಹತ್ತು ಚರಾಕ್ಷರಗಳ ನಾಲ್ಕನೆಯ ಘಾತದ ಬಹುಪದೋಕ್ತಿಗೆ 3ರ ಹತ್ತನೆಯ ಘಾತ, ಅಂದರೆ 59,049 ದಾರಿಗಳನ್ನು ನಡೆಯಬೇಕಾದೀತು. ಅವುಗಳಲ್ಲಿ ಹೆಚ್ಚಿನವು ನಮಗೆ ಬೇಡದ ಸಂಕೀರ್ಣ ಸಂಖ್ಯೆಗಳಲ್ಲಿ ಕೊನೆಗೊಳ್ಳಬಹುದು, ಕೆಲವು ಅನಂತಕ್ಕೆ ಓಡಬಹುದು.