ಗಡ್ಡೆ ಕಾಪಿಡುವಿಕೆ (ಬೈಲಹೊಂಗಲ–ರಾಮದುರ್ಗ ಸೀಮೆ)

ಮೇಲಿನ ಕಾಂಡ ಒಣಗಿದರೂ ಗಡ್ಡೆಯಲ್ಲಿ ಜೀವ ಹಿಡಿದಿರುವ ಗಿಡಗಳನ್ನು ಅಗೆದು ಮುಂದಿನ ನಾಟಿಯವರೆಗೆ ಜೋಪಾನ ಮಾಡುವ ಕ್ರಮ. ಶೀತದೇಶಗಳಲ್ಲಿ ನೆಲ ಹೆಪ್ಪುಗಟ್ಟೀತೆಂದು ಶರತ್ಕಾಲದಲ್ಲೇ ಈ ಕೆಲಸ ಮುಗಿಸುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಮಾಗಿಯ ಚಳಿ ಎಷ್ಟೇ ಕೊರೆದರೂ ನೆಲ ಹೆಪ್ಪುಗಟ್ಟುವುದಿಲ್ಲ. ಇಲ್ಲಿ ಗಡ್ಡೆಗೆ ಅಂಜಿಕೆ ಚಳಿಯ ಬೆನ್ನಿಗೆ ಬರುವ ಬಿಸಿಲಿನದು. ಬಿರುಕು ಬಿಟ್ಟ ಎರೆ ನೆಲದಲ್ಲಿ ಉಳಿದ ಗಡ್ಡೆ ಸೊರಗುತ್ತದೆ. ಹೀಗಾಗಿ ಅಗೆಯುವುದು ಸಂಕ್ರಾಂತಿಯಿಂದ ಯುಗಾದಿಯ ನಡುವೆ.

ಇದರಲ್ಲಿ ಅರಿಶಿನದ್ದೇ ದೊಡ್ಡ ಪಾಲು. ಮೇ-ಜೂನಿನಲ್ಲಿ ಊರಿದ ಬೆಳೆ 7ರಿಂದ 9 ತಿಂಗಳಿಗೆ ಎಲೆ ಒಣಗಿಸುತ್ತದೆ. ಎಕರೆಗೆ ಸುಮಾರು 10 ಕ್ವಿಂಟಲ್ ಬೀಜದ ಗಡ್ಡೆ ಬೇಕು. ಅಷ್ಟನ್ನು ಕುದಿಸದೆ ಬೇರೆ ತೆಗೆಯುತ್ತಾರೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ತೂರುವ ಭಂಡಾರ (ಅರಿಶಿನದ ಪುಡಿ) ಹಂಡೆಯಲ್ಲಿ ಬೆಂದು ಬಂದದ್ದು, ಬೀಜಕ್ಕಿಟ್ಟದ್ದಕ್ಕೆ ಆ ಸಂಸ್ಕಾರವಿಲ್ಲ. ಗಾಯವಿಲ್ಲದ ಗಡ್ಡೆ ಆರಿಸಿ, ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ ಕದಡಿ ಅರ್ಧ ತಾಸು ಅದ್ದಿ, ನೆರಳಲ್ಲಿ ಆರಿಸಬೇಕು. ನಂತರ ಮರದ ನೆರಳಿನ ಗುಂಡಿಯಲ್ಲಿ ಕಟ್ಟಿಗೆ ಪುಡಿ ಇಲ್ಲವೆ ಒಣ ಉಸುಕಿನೊಡನೆ ಪದರು ಪದರಾಗಿ ಹಾಕಿ, ಗಾಳಿಯಾಡಲು ಸಂದಿ ಬಿಟ್ಟು ಹಲಗೆ ಮುಚ್ಚಬೇಕು. ಗುಂಡಿ ಬೇಡವೆಂದರೆ ನೆರಳಲ್ಲಿ ರಾಶಿ ಮಾಡಿ ಅದರದೇ ಒಣ ಎಲೆ ಹೊದಿಸಿದರೂ ನಡೆಯುತ್ತದೆ.

ಹೂವಿನ ಗಿಡಗಳಲ್ಲಿ ಡೇಲಿಯಾ ಸೂಕ್ಷ್ಮ. ಮೆಕ್ಸಿಕೋ ಮೂಲದ ಇದರ ಗಡ್ಡೆಗಳು ಕಾಂಡದ ಬುಡಕ್ಕೆ ಗೊಂಚಲಾಗಿ ಜೋತಿರುತ್ತವೆ. ಮೊಳಕೆಯ ಕಣ್ಣು ಇರುವುದು ಗಡ್ಡೆಯ ಹೊಟ್ಟೆಯಲ್ಲಲ್ಲ, ಕಾಂಡಕ್ಕೆ ಅಂಟಿದ ಕುತ್ತಿಗೆಯ ಬಳಿ. ಕುತ್ತಿಗೆ ಮುರಿದ ಗಡ್ಡೆ ಎಷ್ಟು ದಪ್ಪವಿದ್ದರೂ ಚಿಗುರದು. ಆದ್ದರಿಂದ ಗೇಣುದ್ದ ಕಾಂಡ ಉಳಿಸಿ ಕೊಯ್ದು, ಸುತ್ತಲಿನ ಮಣ್ಣು ಸಡಿಲಿಸಿ ಗೊಂಚಲನ್ನು ಇಡಿಯಾಗಿ ಎತ್ತಬೇಕು. ಗ್ಲ್ಯಾಡಿಯೋಲಸ್‌ನದು ಇನ್ನೊಂದು ರಗಳೆ: ಅದರ ನಿದ್ದೆ ಸರಿಯಾಗಿ ತಿಳಿಯಲು 4-5 ಡಿಗ್ರಿ ಸೆಲ್ಸಿಯಸ್‌ನ ತಂಪು ಸುಮಾರು ಮೂರು ತಿಂಗಳು ಬೇಕು. ಈ ಸೀಮೆಯ ಚಳಿ ಅದಕ್ಕೆ ಸಾಲದು, ಶೀತಗೃಹವೇ ಗತಿ. ಸುಗಂಧರಾಜಕ್ಕೆ ಈ ಉಪಚಾರವಿಲ್ಲ. ನೀರು ಕಾಣುವ ಮಡಿಯಲ್ಲಿ ಎರಡು-ಮೂರು ವರ್ಷ ಅದು ನೆಲದಲ್ಲೇ ಬಾಳುತ್ತದೆ.

ಇಡುವ ಜಾಗದಲ್ಲಿ ಹಳೆಯ ಮನೆಗಳದೇ ಮೇಲುಗೈ. ದಪ್ಪ ಗೋಡೆಯ ಮಣ್ಣಿನ ಮಾಳಿಗೆಯ ಒಳಕೋಣೆ ಏಪ್ರಿಲ್‌ನಲ್ಲೂ ತಂಪು. ತಗಡಿನ ಮಾಡಿನಡಿ ಗಡ್ಡೆ ಬೇಗ ಸುಕ್ಕುಗಟ್ಟುತ್ತದೆ. ಮಲೆನಾಡಿಗೆ ಹತ್ತಿರದ ಕಿತ್ತೂರಿನ ಕಡೆ ಮಳೆ ಹೆಚ್ಚು, ಅಲ್ಲಿ ತೇವಕ್ಕೆ ಬೂಸ್ಟು ಹಿಡಿಯದಂತೆ ನೋಡಬೇಕು. ರಾಮದುರ್ಗದತ್ತ ಒಣಹವೆಯದೇ ಕಾಟ. ವಾರ-ಹದಿನೈದು ದಿನಕ್ಕೊಮ್ಮೆ ಕೈಯಾಡಿಸಿ ಮೆತ್ತಗಾದದ್ದನ್ನು ಎಸೆಯಬೇಕು. ಸುಕ್ಕು ಕಂಡರೆ ಉಸುಕಿಗೆ ಒಂದು ಚಿಮುಕು ನೀರು ಸಾಕು.